ಟೈಲರ್ ತೆಗೆಯದ ಅಳತೆ

ನಮ್ಮ ಪಕ್ಕದ ಮನೆಯ ಟೈಲರ್ ಬೀದಿಯಲ್ಲಿ ಎದುರಾದವರ ಮುಖಕ್ಕಿಂತ ಮೊದಲು ಭುಜ ನೋಡುತ್ತಾನೆ. ಇಷ್ಟು ಕಣ್ಣಳತೆ ಇದ್ದರೂ ಅಂಗಡಿಯಲ್ಲಿ ಟೇಪು ಹಿಡಿಯದೆ ಯಾರ ಬಟ್ಟೆಗೂ ಕತ್ತರಿ ಹಾಕಿದವನಲ್ಲ. ಅಳತೆಯಿಲ್ಲದೆ ಹೊಲಿಯುತ್ತಿದ್ದದ್ದು ಒಬ್ಬಳಿಗೆ ಮಾತ್ರ, ತನ್ನ ಅಕ್ಕನಿಗೆ. "ಅವಳದ್ದೆಲ್ಲ ನನ್ನ ತಲೆಯಲ್ಲೇ ಇದೆ" ಅನ್ನುತ್ತಿದ್ದ.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹುಡುಗಿಯಾಗಿದ್ದಾಗ ಬಂದ ಜ್ವರ ಎರಡೂ ಕಣ್ಣುಗಳನ್ನು ತೆಗೆದುಕೊಂಡು ಹೋಯಿತು. ತಾಯಿ ತೀರಿಕೊಂಡ ಮೇಲೆ ತಮ್ಮನಿಗೆ ಉಣ್ಣಿಸಿ, ತಟ್ಟಿ ಮಲಗಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಆ ಮನೆಯೊಳಗೆ ಅವಳ ಓಡಾಟ ನೋಡಿದರೆ ಕುರುಡಿ ಅನ್ನಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಬಾಗಿಲು ದಾಟಿದರೆ ಗಾರೆ ಕಿತ್ತುಹೋದ ಗೋಡೆ ಕೈಗೆ ಸಿಗುತ್ತಿತ್ತು. ಮುಂದೆ ಅಡುಗೆಮನೆಗೆ ಮರೆಯಾಗಿ ಸೊಂಟದೆತ್ತರದ ಮೋಟುಗೋಡೆ. ಅದು ಮುಗಿದಲ್ಲಿ ಕಾಲಿಗೆ ಒಂದು ಮೆಟ್ಟಿಲು, ಆಮೇಲೆ ತಣ್ಣಗಿನ ಕಲ್ಲು. ಬಚ್ಚಲು ಬಂತು ಅಂತ ಲೆಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಹಾ ಮಾಡುವವಳೂ ಅವಳೇ ಆಗಿದ್ದಳು.

ಒಂದು ದಿನ ಆ ಮೆಟ್ಟಿಲಲ್ಲಿ ಟೈಲರನೇ ಎಡವಿ ಬಿದ್ದ. "ಕಣ್ಣಿರೋ ನಾನೇ ಬೀಳ್ತೀನಿ, ಅಕ್ಕನ ಗತಿ ಏನು?" ಎಂದು ಅವತ್ತೇ ಮನೆ ರಿಪೇರಿಗೆ ಮನಸ್ಸು ಮಾಡಿದ. ಅಕ್ಕನನ್ನು ನಮ್ಮಲ್ಲಿಗೆ ಕರೆತಂದು ನನಗೆ ಹೇಳಿದ.

"ದೊಡ್ಡಮ್ಮ, ಧೂಳು ಅಡಗೋ ತನಕ ಇವಳು ಇಲ್ಲೇ ಇರಲಿ. ಅಲ್ಲಿ ಏನು ನಡೀತಿದೆ ಅಂತ ಮಾತ್ರ ಹೇಳ್ಬೇಡಿ. ಎಲ್ಲ ಮುಗಿದ ಮೇಲೆ ಅವಳೇ ನೋಡ್ಲಿ."

"ನಾನು ನೋಡೋದಾ? ಸರಿಯಪ್ಪ, ನೋಡೋಣ" ಎಂದು ಅಕ್ಕ ನಕ್ಕಳು.

ನಮ್ಮ ಮನೆಯನ್ನೂ ಅವರ ಮನೆಯನ್ನೂ ಹಿಂದೆ ಒಬ್ಬನೇ ಕಟ್ಟಿಸಿದ್ದು. ಒಂದು ಹೇಗೋ ಇನ್ನೊಂದೂ ಹಾಗೆಯೇ, ಮೋಟುಗೋಡೆ, ಮೆಟ್ಟಿಲು ಸಹಿತ. ಮಧ್ಯದ ಗೋಡೆಯೂ ಒಂದೇ. ಅಲ್ಲಿ ಬಿದ್ದ ಸುತ್ತಿಗೆಯ ಏಟು ಇಲ್ಲಿ ನನ್ನ ಮಂಚಕ್ಕೆ ಕೇಳುತ್ತಿತ್ತು. ಟೈಲರ್ ಅಂಗಡಿ ಮುಚ್ಚಿ ಬಂದು ಗಾರೆಯವನ ಜೊತೆ ತಾನೂ ಕೈಹಾಕುತ್ತಿದ್ದ. ಬಚ್ಚಲಿನ ನೆಲ ಎತ್ತರಿಸುವಾಗ ಇಳಿಜಾರು ಹಿಂದುಮುಂದಾಗಿ, ಸುರಿದ ನೀರು ಮೋರಿ ಬಿಟ್ಟು ಮಂಚದ ಕೆಳಗೆ ಹೋಯಿತು. ಕಿತ್ತು ಮತ್ತೆ ಹಾಕಿದರು. ನಡುಮನೆಗೆ ಹೊಸ ನೆಲ ಹಾಕಿದ ಮೇಲೆ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಟೈಲರ್ ತಾನೇ ಗರಗಸ ಹಿಡಿದು ಅದರ ಕೆಳಗನ್ನು ಕೊಯ್ದ. ಕೊಯ್ದದ್ದು ಜಾಸ್ತಿಯಾಗಿ ಬೆಕ್ಕು ತೂರುವಷ್ಟು ಸಂದಾಯಿತು.

"ಗಿರಾಕಿ ಪ್ಯಾಂಟಿಗೆ ಒಳಗೆ ಬಟ್ಟೆ ಬಿಟ್ಟು ಹೊಲೀತೀರಿ. ನಮ್ಮ ಬಾಗಿಲಿಗೆ ಬಿಡೋಕೆ ಏನಾಗಿತ್ತು?" ಅವನ ಹೆಂಡತಿಯ ದನಿ.

"ಬಿಚ್ಚಿ ಉದ್ದ ಮಾಡೋಕೆ ಅದೇನು ಪ್ಯಾಂಟಾ?"

"ನಾನೂ ಅದನ್ನೇ ಹೇಳ್ತಿರೋದು."

ಗೋಡೆಯ ಈಚೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಅಂತೂ ಕೆಲಸ ಮುಗಿಯಿತು. ಸುಳ್ಳು ಯಾಕೆ, ಮನೆ ಚೆಂದವಾಗಿತ್ತು. ಮೋಟುಗೋಡೆ ಹೋಗಿ, ಮೆಟ್ಟಿಲು ಹೋಗಿ, ನಡುಮನೆ ಅಡುಗೆಮನೆ ಎರಡೂ ಒಂದಾಗಿ ಬೆಳಕು ತುಂಬಿಕೊಂಡಿತ್ತು. ಬೀದಿಯವರೆಲ್ಲ ಬಂದು ಹೊಗಳಿದರು. ಟೈಲರನಿಗೆ ತಲೆಯ ಮೇಲೆ ಎರಡು ಕೋಡು ಮೂಡಿದಂತಾಗಿತ್ತು. ಅಕ್ಕನನ್ನು ಹೊಸ್ತಿಲ ತನಕ ಕರೆದೊಯ್ದು ಕೈಬಿಟ್ಟ.

"ನಡಿ ಅಕ್ಕ. ಇನ್ನು ಎಲ್ಲೂ ಎಡವೋದಿಲ್ಲ."

ಅಕ್ಕ ಗೋಡೆಗೆ ಕೈಯಿಟ್ಟಳು. ಅದು ತೊಳೆದಿಟ್ಟ ತಟ್ಟೆಯ ಹಾಗಿತ್ತು, ಎಲ್ಲೂ ಒಂದು ಗುರುತಿಲ್ಲ. ಮುಂದೆ ಮೋಟುಗೋಡೆಗೆ ಅಂತ ಚಾಚಿದ ಕೈ ಗಾಳಿಯಲ್ಲಿ ಆಡಿತು. ಅಲ್ಲೇ ನಿಂತುಬಿಟ್ಟಳು.

"ಹೇಗಿದೆ ಅಕ್ಕ?"

"ಚೆನ್ನಾಗಿದೆಯಪ್ಪ. ತುಂಬ ನುಣುಪಾಗಿದೆ." ಇನ್ನೊಮ್ಮೆ ಗೋಡೆ ಸವರಿ, "ಮಂಚ ಎಲ್ಲಿದೆ ಹೇಳು, ಕೂತ್ಕೋತೀನಿ" ಅಂದಳು.

ಕೂತವಳು ಕೂತೇ ಇದ್ದಳು. ಚಹಾ ಮಾಡುವ ಕೆಲಸ ಟೈಲರನ ಹೆಂಡತಿಗೆ ಬಂತು. ಬಚ್ಚಲಿಗೆ ಹೋಗಲು ಯಾರನ್ನಾದರೂ ಕೂಗಬೇಕಿತ್ತು. ಇಷ್ಟು ವರ್ಷ ಯಾರ ಕೈಗೂ ಕಾಯದವಳು ಕೂಗುವ ಬದಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. "ಅತ್ತಿಗೆಯ ತುಟಿ ಒಡೆದಿದೆ, ನೀರು ಕೊಟ್ರೆ ಬಾಯಾರಿಕೆ ಇಲ್ಲ ಅಂತಾರೆ" ಎಂದು ಹೆಂಡತಿ ಹೇಳಿದರೆ, "ವಯಸ್ಸಾಯ್ತಲ್ಲ" ಅಂದುಬಿಟ್ಟ ಅವನು.

ಒಂದು ಮಧ್ಯಾಹ್ನ ಹೆಂಡತಿ ಅಕ್ಕನನ್ನು ನಮ್ಮಲ್ಲಿ ಕೂರಿಸಿ ಹೋದಳು. ಸ್ವಲ್ಪ ಹೊತ್ತಿಗೆ ಟೈಲರ್ ಅಕ್ಕನನ್ನು ಕರೆದೊಯ್ಯಲು ಬಂದ. ಅದೇ ಹೊತ್ತಿಗೆ ಅಕ್ಕ ನನ್ನ ಜೊತೆ ಮಾತಾಡುತ್ತಲೇ ಎದ್ದು, ನಮ್ಮ ಮನೆಯ ಗಾರೆ ಕಿತ್ತುಹೋದ ಗೋಡೆ ಸವರಿ, ಮೋಟುಗೋಡೆಗೆ ಸೊಂಟ ತಾಗಿಸಿ ತಿರುಗಿ, ಮೆಟ್ಟಿಲಿಳಿದು ಬಚ್ಚಲಿಗೆ ಹೋಗಿಬಂದು, ಅಡುಗೆಮನೆಯ ಕೊಡದಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದಳು. ಮತ್ತೊಂದು ಲೋಟ ಬಗ್ಗಿಸಿಕೊಂಡಳು.

ಬಾಗಿಲಲ್ಲಿದ್ದ ಟೈಲರ್ ಸದ್ದಿಲ್ಲದೆ ಹಿಂದಕ್ಕೆ ಸರಿದು ಹೊರಗಿನ ಕಟ್ಟೆಯ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

"ಬಾಯಾರಿಕೆ ಇಲ್ಲ ಅಂತಿದ್ಲು ದೊಡ್ಡಮ್ಮ."

ಅವನು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಬಿದ್ದದ್ದು ನಾನು. ಅವಳು ಆ ಮೆಟ್ಟಿಲಲ್ಲಿ ಒಂದು ದಿನವೂ ಬಿದ್ದಿರಲಿಲ್ಲ. ಕೇಳಿದ್ರೆ ಹೇಳ್ತಿದ್ಲು. ಬರೀ ಒಂದು ಮಾತು ಕೇಳಲಿಲ್ಲ ನಾನು."

"ಇದನ್ನ ಅವಳಿಗೆ ಹೇಳು, ನನಗಲ್ಲ" ಅಂದೆ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ನಾನು ಹೋದಾಗ ಅಕ್ಕನನ್ನು ನಡುಮನೆಯಲ್ಲಿ ನಿಲ್ಲಿಸಿಕೊಂಡಿದ್ದ.

"ನೆಟ್ಟಗೆ ನಿಲ್ಲು ಅಕ್ಕ. ನಡೆಯೋವಾಗ ಕೈ ಹೇಗೆ ಚಾಚ್ತೀಯೋ ಹಾಗೇ ಚಾಚು."

"ಏನೋ ಇದು, ಹೊಸ ಬಟ್ಟೆಯಾ?"

"ತಪ್ಪಾಯ್ತು ಅಕ್ಕ. ನಿನ್ನ ಕೇಳದೆ ಗೋಡೆ ಒಡೆದೆ."

ಅಕ್ಕ ಚಾಚಿದ ಕೈ ಇಳಿಸಲಿಲ್ಲ. "ಒಡೆಯೋ ಸದ್ದು ಬಂದಾಗಲೇ ಗೊತ್ತಾಯ್ತು, ಯಾವ ಗೋಡೆ ಅಂತ. ನೀನು ಅಷ್ಟು ಖುಷಿಯಲ್ಲಿದ್ದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಆ ಮಾತಿಗೆ ಅವನ ಮುಖ ಇನ್ನಷ್ಟು ಇಳಿಯಿತು. ತಲೆ ತಗ್ಗಿಸಿಕೊಂಡೇ ಅಳತೆ ತೆಗೆದ.

ದಪ್ಪ ಬಟ್ಟೆಯನ್ನು ಮಡಿಸಿ, ಒಳಗೆ ಚಿಂದಿ ತುಂಬಿ ಉದ್ದನೆಯ ಪಟ್ಟಿ ಹೊಲಿದ. ಅಕ್ಕನ ಕೈಯೆತ್ತರಕ್ಕೆ ಆ ನುಣುಪು ಗೋಡೆಯುದ್ದಕ್ಕೂ ಮೊಳೆ ಹೊಡೆದು ಕೂರಿಸಿದ. ಗೋಡೆಯ ಚೆಂದಕ್ಕೆ ಹಿಗ್ಗಿದ್ದ ಹೆಂಡತಿಯೇ ಪಟ್ಟಿಯ ತುದಿ ಹಿಡಿದುಕೊಂಡಳು. ಮೋಟುಗೋಡೆ ಇದ್ದ ಕಡೆ ಎರಡು ಕಂಬ ನಿಲ್ಲಿಸಿ ನಡುವೆ ಪಟ್ಟಿ ಬಿಗಿದರು. ಅಡುಗೆಮನೆ ಬಂದರೆ ಪಟ್ಟಿಯಲ್ಲಿ ಒಂದು ಗುಂಡಿ, ಬಚ್ಚಲಿಗೆ ಎರಡು ಗುಂಡಿ. ಅಕ್ಕ ಮೊದಲ ಸಲ ಹೋಗಿ ಒಲೆಯ ಕಟ್ಟೆಗೆ ತಾಗಿಕೊಂಡಳು, ಎರಡನೆಯ ಸಲ ತಾಗಲಿಲ್ಲ.

"ಬಚ್ಚಲ ಕಡೆ ಗುಂಡಿ ಸಡಿಲ ಇದೆ. ಎಂಥ ಟೈಲರೋ ನೀನು" ಅಂದಳು. ಅವನು ಓಡಿ ಸೂಜಿದಾರ ತಂದ.

ಈಗ ಬೆಳಗಿನ ಚಹಾ ಮತ್ತೆ ಅಕ್ಕನದೇ. ನಡಿಗೆ ಮಾತ್ರ ಮೊದಲಿನದಲ್ಲ. ಒಂದೊಂದು ಹೆಜ್ಜೆಗೂ ಯೋಚನೆ. ಯಾರಾದರೂ ಮನೆ ಹೊಗಳಿದರೆ ಟೈಲರ್ ಆ ಕಂಬಗಳ ಕಡೆ ನೋಡುತ್ತಾನೆ. ಅವಳಿಗೆ ಬಟ್ಟೆ ಹೊಲಿಯುವಾಗ ಪ್ರತಿ ಸಲವೂ ಎದುರಿಗೆ ನಿಲ್ಲಿಸಿಕೊಂಡು ಟೇಪು ಹಿಡಿಯುತ್ತಾನೆ.

"ಎಲ್ಲ ನಿನ್ನ ತಲೆಯಲ್ಲೇ ಇತ್ತಲ್ಲೋ" ಎಂದು ಅಕ್ಕ ಕೆಣಕುತ್ತಾಳೆ.

"ಇಲ್ಲ ಅಕ್ಕ" ಅನ್ನುತ್ತಾನೆ. "ಕೈ ಎತ್ತು."