ಕಂಪಾಲದಿಂದ ಬಂದ ಸೊಸೆ

ಶಂಕರಪುರದ ಮ್ಯಾಗ್ಡಲಿನ್ ಬಾಯಿಯವರು ಮಾತಿಗೆ ಹಿಂದೆ ಬೀಳುವವರಲ್ಲ. ಮಲ್ಲಿಗೆ ಗಿಡಕ್ಕೆ ಹಟ್ಟಿಗೊಬ್ಬರ ಹಾಕುವಾಗ ಗಿಡವನ್ನೇ ಗದರಿಸುತ್ತಿದ್ದರು, ಬಾವಿಯ ರಾಟೆ ಕಿರುಗುಟ್ಟಿದರೆ ರಾಟೆಗೂ ಎರಡು ಮಾತು. ಅಂಥವರು ಒಬ್ಬ ಹುಡುಗಿಯ ಎದುರಿಗೆ ಒಂಬತ್ತು ದಿನ ತುಟಿ ಬಿಚ್ಚಲಿಲ್ಲ. ಅದೂ ಸ್ವಂತ ಮಗನ ಹೆಂಡತಿಯ ಎದುರಿಗೆ.

ಮಗ ಕ್ಲಾರೆನ್ಸ್ ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ ಆಫ್ರಿಕಕ್ಕೆ ಹೋದವನು. ಉಗಾಂಡದ ಕಂಪಾಲದಲ್ಲಿ ಬೇಕರಿಯ ಕೆಲಸ. ಅಲ್ಲಿಯೇ ಅಲ್ಲಿಯ ಹುಡುಗಿ ಆಂಜೆಲಾಳನ್ನು ಇಗರ್ಜಿಯಲ್ಲಿ ಮದುವೆಯಾದೆನೆಂದು ಕಾಗದ ಬರೆದಿದ್ದ. ಎಪ್ಪತ್ತೆರಡನೆಯ ಇಸವಿಯಲ್ಲಿ ಅಲ್ಲಿಯ ಸರಕಾರ ಇಂಡಿಯದ ಕಡೆಯವರೆಲ್ಲ ತೊಂಬತ್ತು ದಿನದಲ್ಲಿ ದೇಶ ಬಿಡಬೇಕೆಂದು ಹೇಳಿತಂತೆ. ಅವನು ಬಿಟ್ಟ. ರೈಲು, ಹಡಗು, ಬೊಂಬಾಯಿ, ಮತ್ತೆ ಬಸ್ಸು. ನವೆಂಬರಿನ ಒಂದು ಬೆಳಿಗ್ಗೆ ಕಾಪುವಿನಲ್ಲಿ ಇಳಿದು, ಒಂದು ಟ್ರಂಕು, ಒಂದು ಬಟ್ಟೆಗಂಟು, ಜೊತೆಗೆ ಹೆಂಡತಿ, ಇಷ್ಟರೊಂದಿಗೆ ಅಂಗಳಕ್ಕೆ ಬಂದು ನಿಂತ.

ಬಾಯಿಯವರು ಹೂ ಕಟ್ಟುತ್ತಿದ್ದವರು ಬಾಳೆನಾರನ್ನು ಅಲ್ಲೇ ಬಿಟ್ಟು ಎದ್ದರು. ಮಗನನ್ನು ತಬ್ಬಿ ಅತ್ತರು. ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದರೆ, ಕರಿಕಲ್ಲಿನಂತೆ ಹೊಳೆಯುವ ಮುಖದ, ಎತ್ತರದ ಆ ಹುಡುಗಿ ಸಗಣಿ ಸಾರಿಸಿದ ನೆಲದ ಮೇಲೆ ಎರಡೂ ಮೊಣಕಾಲೂರಿ, ತಲೆ ತಗ್ಗಿಸಿ, ಎಂತದೋ ಹೇಳುತ್ತಿದ್ದಾಳೆ.

ಬಾಯಿಯವರು ಒಂದು ಹೆಜ್ಜೆ ಹಿಂದೆ ಸರಿದರು.

ಅವರಿಗೆ ಗೊತ್ತಿದ್ದ ಹಾಗೆ ಮನುಷ್ಯರು ಮೊಣಕಾಲೂರುವುದು ಎರಡೇ ಕಡೆ. ದೇವರ ಎದುರಿಗೆ ಒಂದು, ತಪ್ಪು ಮಾಡಿದಾಗ ಹಿರಿಯರ ಎದುರಿಗೆ ಇನ್ನೊಂದು. ಸಣ್ಣವರಿದ್ದಾಗ ಮಿಡಿ ಉಪ್ಪಿನಕಾಯಿಯ ಭರಣಿ ಒಡೆದದ್ದಕ್ಕೆ ಅಪ್ಪ ಅವರನ್ನು ಮಧ್ಯಾಹ್ನದವರೆಗೆ ಮೊಣಕಾಲಿನ ಮೇಲೆ ನಿಲ್ಲಿಸಿದ್ದರು. ಹೇಳದೆ ಕೇಳದೆ ಓಡಿಹೋಗಿದ್ದ ನಾದಿನಿ ಮೂರು ವರ್ಷದ ಮೇಲೆ ಹೀಗೆಯೇ ಬಂದು ಇದೇ ಅಂಗಳದಲ್ಲಿ ಊರಿದ್ದಳು. ಆಗ ಮಾವನವರು "ಏಳು" ಎಂದರು. ಆ ಒಂದು ಮಾತಿಗೆ ಎಲ್ಲ ಮುಗಿಯಿತು. ಏಳು ಎಂದರೆ ಕ್ಷಮಿಸಿದ ಹಾಗೆ.

ಈ ಹುಡುಗಿಯ ತಪ್ಪು ಎಂತದು? ತಿಳಿಯದೆ ಕ್ಷಮಿಸುವುದು ಹೇಗೆ? ಮಗ ಟ್ರಂಕು ಹೊತ್ತು ಆಗಲೇ ಒಳಗೆ ಹೋಗಿದ್ದ. ಬಾಯಿಯವರು ಅವನ ಹಿಂದೆಯೇ ಹೋಗಿ ಗಂಜಿಗೆ ನೀರಿಟ್ಟರು.

ಮರುದಿನ ಬೆಳಿಗ್ಗೆ ಅವರು ಮೊಗ್ಗು ಕೊಯ್ಯಲು ಹೊರಟಾಗ ಬಾಗಿಲಲ್ಲಿ ಮತ್ತೆ ಅದೇ. ಮೂರನೆಯ ದಿನವೂ ಅದೇ. ಹುಡುಗಿ ತಲೆ ತಗ್ಗಿಸಿ ಕಾಯುತ್ತಾಳೆ, ಬಾಯಿಯವರು ಬುಟ್ಟಿ ಹಿಡಿದು ಪಕ್ಕದಿಂದ ದಾಟಿ ಹೋಗುತ್ತಾರೆ. ಗಿಡದ ಸಾಲಿನಿಂದ ತಿರುಗಿ ನೋಡಿದರೆ ಇನ್ನೂ ಎದ್ದಿರುವುದಿಲ್ಲ. ಕ್ಲಾರೆನ್ಸನಿಗೆ ಇದು ಯಾವುದೂ ತಿಳಿಯದು. ಕಂಪಾಲದ ಬೇಕರಿಯಲ್ಲಿ ವರ್ಷಗಟ್ಟಲೆ ರಾತ್ರಿಯಿಡೀ ಹಿಟ್ಟು ನಾದಿದವನಿಗೆ ಈಗಲೂ ನಿದ್ದೆ ಹತ್ತುವುದೇ ಬೆಳಗಿನ ಜಾವ.

ಒಂದು ತಪ್ಪಿಗೆ ಒಂದು ದಿನ ಸಾಲದೆ? ದಿನಾ ಊರುತ್ತಾಳೆಂದರೆ ಅದೆಷ್ಟು ದೊಡ್ಡದಿರಬೇಕು! ಐದನೆಯ ದಿನ ಊಟಕ್ಕೆ ಬಡಿಸುತ್ತ ಬಾಯಿಯವರು ಕೇಳಿಯೇ ಬಿಟ್ಟರು.

"ಪುತಾ, ಮದುವೆ ಇಗರ್ಜಿಯಲ್ಲೇ ಆದದ್ದಲ್ವಾ?"

"ಹೌದು ಮಾಂಯ್. ಪಾದ್ರಿಗಳ ಸಹಿ ಇರುವ ಕಾಗದ ಉಂಟು. ತರಲಾ?"

"ನನಗೆ ಓದಲಿಕ್ಕೆ ಬರ್ತದಾ? ಇಟ್ಟುಕೋ."

ಕ್ಲಾರೆನ್ಸ್ ಸಾರು ಹಾಕಿಕೊಂಡು ಅನ್ನ ಕಲಸಿದ. ಆಮೇಲೆ ಹೇಳಿದ. "ಉಡುಪಿ, ಮಣಿಪಾಲ ಎಲ್ಲ ತಿರುಗಿ ಬಂದೆ. ಇಲ್ಲಿ ಕೆಲಸ ಇಲ್ಲ. ಬರುವ ಸೋಮವಾರ ಬೊಂಬಾಯಿಗೆ ಹೋಗ್ತೇನೆ. ಇವಳು ನಿನ್ನ ಹತ್ತಿರ ಇರಲಿ ಅಂತ ನನ್ನ ಆಸೆ. ನಿನಗೆ ಮನಸ್ಸಿಲ್ಲದಿದ್ದರೆ ಉಡುಪಿಯ ಸಿಸ್ಟರುಗಳು ಹೊಲಿಗೆಮನೆಯಲ್ಲಿ ಜಾಗ ಕೊಡ್ತಾರಂತೆ."

ಪಕ್ಕದಲ್ಲಿ ಆಂಜೆಲಾ ಸಾರಿನ ಖಾರಕ್ಕೆ ಕಣ್ಣು ತುಂಬಿಕೊಂಡು, ಆದರೂ ಬಿಡದೆ ತಿನ್ನುತ್ತಿದ್ದಳು. ಮಾತು ತನ್ನ ಬಗ್ಗೆಯೇ ಎಂಬುದಷ್ಟೇ ಅವಳಿಗೆ ತಿಳಿದಿತ್ತು.

"ಸಿಸ್ಟರುಗಳು ಒಳ್ಳೆಯವರು. ಅಲ್ಲಿಗೇ ಬಿಡು," ಎಂದರು ಬಾಯಿಯವರು.

ಅಲ್ಲಿಂದ ಮುಂದೆ ದಿನಗಳು ಹಾಗೆಯೇ ಸರಿದವು. ಹುಡುಗಿ ಕೆಲಸಕ್ಕೆ ಸೋಮಾರಿಯಲ್ಲ. ಬಾಳೆನಾರನ್ನು ಉಗುರಿನಲ್ಲಿ ಸೀಳುವುದು ಯಾರೂ ಹೇಳಿಕೊಡದೆ ಬಂತು. ಅವಳ ಊರಿನಲ್ಲೂ ಬಾಳೆಯೇ ಬಾಳೆಯಂತೆ. ಬಾಯಿಯವರು ಎರಡು ಗಂಟು ಹಾಕುವುದರೊಳಗೆ ಅವಳದು ಮೂರು. ಒಳ್ಳೆಯ ಕೈ ಎಂದು ನಾಲಗೆಯ ತುದಿಯವರೆಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದರು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಮನೆಗೆ ಬಂದ ಹೊತ್ತಿಗೆ ಎರ್ಮಾಳಿನ ಗುಣವತಿ ಮೀನಿನ ಬುಟ್ಟಿ ಹೊತ್ತು ಬಂದಳು. ಜ್ವರ ಬಂದು ಎರಡು ವಾರ ಈ ಕಡೆ ಕಾಲಿಡದವಳು. "ಬಾಯಮ್ಮಾ, ಸೊಸೆ ಬಂದಿದ್ದಾಳಂತೆ, ಊರೆಲ್ಲ ಹೇಳ್ತದೆ, ನನಗೆ ಮಾತ್ರ ತೋರಿಸಲಿಲ್ಲ!" ಎನ್ನುತ್ತ ಬುಟ್ಟಿ ಇಳಿಸಿದಳೋ ಇಲ್ಲವೋ, ಆಂಜೆಲಾ ಒಳಗಿಂದ ಬಂದು ಅವಳೆದುರು ಮೊಣಕಾಲೂರಿದಳು.

ಗುಣವತಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಮಗಾ, ನಾನೆಂತ ದೇವರಾ? ಬೂತಾಯಿ ಮೀನು ಮಾರುವವಳು ಮಾರಾಯ್ತಿ! ಏಳು ಏಳು. ಊಟ ಆಯ್ತಾ? ಚಂದ ಉಂಟು ಹುಡುಗಿ." ಮೀನಿನ ಕೈಯಲ್ಲಿಯೇ ಅವಳ ಕೆನ್ನೆ ತಟ್ಟಿದಳು.

ಆಂಜೆಲಾ ಎದ್ದಳು. ಒಂದು ಮಾತೂ ಅರ್ಥವಾಗದಿದ್ದರೂ ಅವಳ ಮುಖ ಅರಳಿತ್ತು. ಆ ಮುಖವನ್ನು ಬಾಯಿಯವರು ಒಂಬತ್ತು ದಿನದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಮೀನಿನವಳಿಗೆ ಈ ಹುಡುಗಿ ಎಂತ ತಪ್ಪು ಮಾಡಿದ್ದಾಳೆ? ಈಗಷ್ಟೇ ಕಂಡದ್ದು!

ಬಾಯಿಯವರು ಮೀನನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದರು. ಕ್ಲಾರೆನ್ಸ್ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ.

"ಅವಳು ಎಂತಕ್ಕೆ ಹಾಗೆ ಮೊಣಕಾಲೂರುವುದು?"

"ಓ, ಅದಾ? ಅವರಲ್ಲಿ ಹಾಗೆಯೇ ಮಾಂಯ್. ಹೆಂಗಸರು ಹಿರಿಯರನ್ನು ಕಂಡರೆ ಮೊಣಕಾಲೂರಿ 'ರಾತ್ರಿ ಹೇಗೆ ಕಳೆಯಿತು' ಅಂತ ವಿಚಾರಿಸುವುದು. ನಾವು ಕೈ ಮುಗಿದ ಹಾಗೆ. ಹಿರಿಯರು 'ಬುಲುಂಜಿ' ಅನ್ನಬೇಕು, ಚೆನ್ನಾಗಿ ಅಂತ. ಅವರು ಮಾತಾಡಿಸುವ ತನಕ ಏಳುವುದು ಮರ್ಯಾದೆ ಅಲ್ಲ." ಅವನು ತಲೆಯೆತ್ತಿದ. "ನೀನು ಮಾತಾಡಿಸ್ತಿ ಅಲ್ವಾ?"

ಬಾಯಿಯವರು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಮಾಂಯ್, ಎಂತ ಆಯ್ತು?"

"ಅವಳನ್ನೂ ಆ ಸರಕಾರ ಓಡಿಸಿತಾ?"

"ಇಲ್ಲ. ಓಡಿಸಿದ್ದು ನನ್ನನ್ನು. ಅವಳ ದೇಶ, ಅವಳಿಗೇನು? ಅಪ್ಪ, ಅಮ್ಮ, ಐದು ಮಂದಿ ಅಣ್ಣಂದಿರು, ಎಲ್ಲರೂ ಇದ್ದಾರೆ. ಬೇಡ ಅಂದೆ. ನನ್ನ ಹಿಂದೆ ಬಂದಳು."

ಆ ಸಂಜೆ ತೇರ್ಸದ ಪ್ರಾರ್ಥನೆಗೆ ಕುಳಿತರೆ ಜಪಮಾಲೆಯ ಮಣಿಗಳು ಬಾಯಿಯವರ ಬೆರಳಲ್ಲಿ ಸರಿಯಾಗಿ ಸರಿಯಲಿಲ್ಲ. ಏನಾದರೂ ಹೇಳಬೇಕು. ಆದರೆ ಯಾವ ಭಾಷೆಯಲ್ಲಿ? ನಾಳೆ ಬೆಳಿಗ್ಗೆ ಅವಳು ಊರಿದಾಗ ಆ ಒಂದು ಮಾತು ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡು, ಬುಲುಂಜಿ, ಬುಲುಂಜಿ ಎಂದು ಬಾಯಿಪಾಠ ಮಾಡಿದರು.

ಬೆಳಿಗ್ಗೆ ಬಾಗಿಲಿಗೆ ಬಂದರೆ ಆಂಜೆಲಾ ಉಡುಪಿಗೆ ಹೊರಡಲೆಂದು ಬಟ್ಟೆಗಂಟು ಹಿಡಿದು ನಿಂತಿದ್ದಳು. ಅತ್ತೆಯನ್ನು ಕಂಡು ತಲೆ ತಗ್ಗಿಸಿದಳು. ಅಷ್ಟೇ. ಮೊಣಕಾಲೂರಲಿಲ್ಲ. ಒಂಬತ್ತು ದಿನ ಕೇಳಿದ್ದಳು, ಉತ್ತರ ಬರಲಿಲ್ಲ. ಹತ್ತನೆಯ ದಿನ ಕೇಳುವುದನ್ನು ಬಿಟ್ಟಳು.

ಕೇಳದವಳಿಗೆ ಉತ್ತರ ಕೊಡುವುದು ಹೇಗೆ? ಬಾಯಿಯವರಿಗೆ ಒಂದೂ ಹೊಳೆಯಲಿಲ್ಲ. ಹೊಳೆದದ್ದು ತಾವು ಸಣ್ಣಂದಿನಿಂದ ಕಲಿತದ್ದು ಮಾತ್ರ. ತಪ್ಪು ಮಾಡಿದವರು ಏನು ಮಾಡಬೇಕೋ ಅದು. ಬಾಗಿಲ ಚೌಕಟ್ಟು ಹಿಡಿದು, ವಾತ ಹಿಡಿದ ಮೊಣಕಾಲುಗಳನ್ನು ಒಂದೊಂದಾಗಿ ಮಡಚಿ, ಆ ಇಪ್ಪತ್ತೆರಡರ ಹುಡುಗಿಯ ಎದುರಿಗೆ ಊರಿಯೇಬಿಟ್ಟರು.

ಆಂಜೆಲಾ ಚೀರಿದಳು. ಅವಳ ಊರಿನಲ್ಲಿ ಅತ್ತೆ ಸೊಸೆಗೆ ಮಂಡಿಯೂರಿದರೆ ಪ್ರಳಯವೇ ಇರಬೇಕು. ಗಂಟು ಎಸೆದು ತಾನೂ ನೆಲಕ್ಕೆ ಬಿದ್ದು ಅತ್ತೆಯ ತೋಳು ಹಿಡಿದಳು. ಅತ್ತೆ ಏಳಲಾರರು, ಅತ್ತೆ ಏಳುವ ತನಕ ಸೊಸೆ ಏಳಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಇಬ್ಬರೂ.

"ಬುಲುಂಜಿ," ಎಂದರು ಬಾಯಿಯವರು. "ಬುಲುಂಜಿ, ಮಗಾ."

ಆಂಜೆಲಾ ಅವರನ್ನೇ ನೋಡಿದಳು. ಆಮೇಲೆ ಕಣ್ಣೀರಿನ ನಡುವೆಯೇ ನಗು ಬಂತು. ನಗುತ್ತ ನಗುತ್ತ, ರಾತ್ರಿ ಹೇಗೆ ಕಳೆಯಿತು ಎಂಬ ತನ್ನ ಪ್ರಶ್ನೆಯನ್ನು ಈಗ ಕೇಳಿದಳು. ಬಾಯಿಯವರು ಮತ್ತೊಮ್ಮೆ ಉತ್ತರ ಕೊಟ್ಟು, ಅವಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದರು.

ಸದ್ದಿಗೆ ಓಡಿಬಂದ ಕ್ಲಾರೆನ್ಸ್ ಕಕ್ಕಾಬಿಕ್ಕಿಯಾಗಿ ನಿಂತ. "ಇದೆಂತ ಅವಸ್ಥೆ? ಬಸ್ಸಿಗೆ ಹೊತ್ತಾಯ್ತು ಮಾಂಯ್!"

"ನಿನಗೆ ಹೊತ್ತಾದರೆ ನೀನು ಹೋಗು. ಅದಕ್ಕೆ ಮುಂಚೆ ನನ್ನನ್ನು ಎತ್ತು. ಇವಳು ಎಲ್ಲಿಗೂ ಬರುವುದಿಲ್ಲ. ನನ್ನ ಮೊಣಕಾಲು ಹೋಯ್ತು, ಇವಳಲ್ಲದೆ ಎಣ್ಣೆ ಹಚ್ಚುವವರು ಯಾರು, ನಿನ್ನ ಸಿಸ್ಟರುಗಳಾ? ಇರ್ತಾಳಾ ಕೇಳು."

ಅವನು ಕೇಳಿದ. ಆಂಜೆಲಾ ಅವನಿಗೆ ಉತ್ತರ ಹೇಳಲಿಲ್ಲ. ಅತ್ತೆಯ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿ, ಒಳಗಿನ ಮಂಚಕ್ಕೆ ನಡೆಸಿಕೊಂಡು ಹೋದಳು. ಬಟ್ಟೆಗಂಟನ್ನು ಕಾಲಿನಿಂದಲೇ ಒಳಕ್ಕೆ ತಳ್ಳಿದಳು.

ಕ್ಲಾರೆನ್ಸ್ ಬೊಂಬಾಯಿಯಿಂದ ಊರಿಗೆ ಬಂದದ್ದು ಈಸ್ಟರಿಗೆ. ಅಂಗಳದಲ್ಲಿ ನಿಂತು ಕರೆಯಬೇಕೆಂದರೆ ಅಡುಗೆಮನೆಯಲ್ಲಿ ಜೋರು ಜಗಳ. ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸುವಾಗ ಉಪ್ಪು ಹಾಕಬೇಕೋ ಬೇಡವೋ ಎಂದು.

"ನೀನು ನನಗೆ ಹೇಳಿಕೊಡುವುದಾ? ನಾನು ಹುಟ್ಟಿದಂದಿನಿಂದ ಬಾಳೆಕಾಯಿ ತಿಂದವಳು!"

"ನಾನೂ ತಿಂದವಳೇ ಮಾಂಯ್! ನಿಮ್ಮದು ಉಪ್ಪಲ್ಲ, ಸಮುದ್ರ!"

ಎರಡನೆಯ ದನಿ ಯಾರದೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಟ್ರಂಕನ್ನು ಸದ್ದಾಗದಂತೆ ಕೆಳಗಿಟ್ಟು, ಜಗಳ ಮುಗಿಯಲೆಂದು ಜಗಲಿಯ ಮೇಲೆ ಕುಳಿತುಕೊಂಡ.