ಅಕ್ಕ ಒಪ್ಪಿಕೊಂಡ ಮರೆವು

ಒಣಗಿದ ಅಂಗಿ ತರಲು, ಅಕ್ಕ ಹಾಕಿದ್ದ ಹಿಂಬಾಗಿಲಿನ ಚಿಲಕ ತೆಗೆದವನು ನಾನು. ಮತ್ತೆ ಹಾಕದೆ ಮ್ಯಾಟಿನಿಗೆ ಓಡಿದೆ. ಅದನ್ನು ಹೇಳಬೇಕಾದ ದಿನ ಬಾಯಿ ಬಿಡಲಿಲ್ಲ.

ಅಕ್ಕ ಬೀಗ ಹಾಕಿದರೆ ಮೂರು ಸಲ ಜಗ್ಗಿ, ಬಸ್ ಸ್ಟಾಪಿನಿಂದ ವಾಪಸ್ ಬಂದು ನಾಲ್ಕನೇ ಸಲ ಜಗ್ಗುವವಳು. ನೆಂಟರ ಮನೆ ಬೀಗವನ್ನೂ ಬಿಡುತ್ತಿರಲಿಲ್ಲ. "ಇನ್ನೊಂದ್ ಸಲ ನೋಡಿದ್ರೆ ನಿನ್ ಗಂಟೇನ್ ಹೋಗುತ್ತೋ?" ಎನ್ನುತ್ತಿದ್ದಳು. ಖಾಲಿ ಸೈಟುಗಳೇ ಹೆಚ್ಚಿದ್ದ ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಮನೆಗೆ ವಿಮೆ ಮಾಡಿಸಿದವಳೂ ಅವಳೊಬ್ಬಳೇ.

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕಳ್ಳ ಹಿಂಬಾಗಿಲಿನಿಂದ ಬಂದು ಅವಳ ಹೊಲಿಗೆ ಮೆಷೀನನ್ನೂ ಟೀವಿಯನ್ನೂ ಹೊತ್ತೊಯ್ದ. ವಿಮೆ ಕಚೇರಿಯವರು ಬಂದು ಬಾಗಿಲು ಸವರಿ ನೋಡಿದರು. "ಏನೂ ಮುರಿದಿಲ್ವಲ್ಲಮ್ಮ. ಒಡೆದು ಒಳಗೆ ಬಂದಿದ್ರೆ ಮಾತ್ರ ದುಡ್ಡು."

"ನಾನೇ ಮರೆತಿರ್ಬೇಕು ಸಾರ್," ಎಂದಳು ಅಕ್ಕ. ಬೀದಿಗೆ ಬೀದಿಯೇ ನಕ್ಕಿತು. ನಾನೂ ನಕ್ಕೆ.

ಮುಂದಿನ ವರ್ಷ ಹಳೆಯ ವಿಮೆ ಮುಗಿದಾಗ ಬೇರೆ ಕಂಪನಿಯ ಫಾರಂ ತುಂಬಿದಳು. ಹಿಂದೆ ಯಾರಾದರೂ ಕ್ಲೇಮು ನಿರಾಕರಿಸಿದ್ದಾರೆಯೇ ಎಂದು ಅದರಲ್ಲಿ ಕೇಳಿತ್ತು. "ಇಲ್ಲ ಅಂತ ಬರೀರಿ ಮೇಡಂ," ಎಂದ ಏಜೆಂಟನ ಕೈಗೆ ಕಾಫಿ ಕೊಟ್ಟು, "ಹೌದು, ನನ್ನ ಮರೆವಿನಿಂದ" ಎಂದು ಗುಂಡಗೆ ಬರೆದಳು. ಕಂಪನಿ ಆಗುವುದಿಲ್ಲ ಎಂದಿತು. ಅಂದಿನಿಂದ ಅಕ್ಕ ಮನೆ ಬಿಟ್ಟು ಕದಲಲಿಲ್ಲ.

ಚಿಕ್ಕಪ್ಪನ ಮಗಳ ಮದುವೆಗೂ ಹೊರಡಲಿಲ್ಲ. "ವಿಮೆ ಇಲ್ಲ, ನಾನೋ ಮರೆಗುಳಿ. ನೀನ್ ಹೋಗಿ ನನ್ ಪಾಲಿನ ಹೋಳಿಗೇನೂ ತಿನ್ನೋ," ಎಂದಳು. ಅವಳು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಳು.

ಮದುವೆಗೆ ಹೊರಟು ನಿಂತಿದ್ದ ನಾನು ಚಪ್ಪಲಿ ಬಿಚ್ಚಿ ಒಳಗೆ ಬಂದೆ.

"ನೀನೇನೂ ಮರ್ತಿರ್ಲಿಲ್ಲ ಅಕ್ಕ. ಚಿಲಕ ತೆಗ್ದು ಪಿಕ್ಚರ್‌ಗೆ ಓಡಿದ್ದು ನಾನು. ತಪ್ಪಾಯ್ತು ಕಣೇ."