ಅತ್ತೆ ಹೇಳಿದ ಕೆಟ್ಟ ರಕ್ತ

ನಮ್ಮತ್ತೆ ಪಟ್ಟಲಮ್ಮನ ಕತೆ ಹೇಳ್ತೀನಿ ಕೇಳಿ. ಬೆಳಕವಾಡೀಲಿ ಯಾರ ಮನೇಲಿ ಹೆರಿಗೆ ಆದ್ರೂ ಬಾಣಂತಿಗೆ ನೀರು ಹುಯ್ಯೋಕೆ ಇವಳೇ ಬರ್ಬೇಕು. ಕೈ ಸುಡೋ ನೀರನ್ನ ಚೊಂಬಲ್ಲಿ ಎತ್ತಿ ಹೊಟ್ಟೆ ಮೇಲೆ ರಪ್ ಅಂತ ಬಾರಿಸ್ತಾಳೆ. ಆಮೇಲೆ ಹಳೇ ಸೀರೇಲಿ ಸೊಂಟ ಬಿಗಿದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸ್ತಾಳೆ. ಊರಲ್ಲಿ ಹೆಸರೂ ಐತೆ, ಹೆಸರಿಗಿಂತ ಜಂಬ ಜಾಸ್ತಿ ಐತೆ.

ನನಗೆ ಅವ್ವ ಇಲ್ಲ. ಹಂಗಾಗಿ ಸಿಜೇರಿಯನ್ ಆದ್ಮೇಲೆ ಬಾಣಂತನ ಗಂಡನ ಮನೇಲೇ ಆಯ್ತು. ಹುಟ್ಟಿದ್ದು ಹೆಣ್ಣು. ಅತ್ತೆ ಮುಖ ಅವತ್ತೇ ಊದ್ಕೊಂಡಿತ್ತು. ಎರಡನೇ ವಾರದಲ್ಲಿ, ನಿಂತಿದ್ದ ರಕ್ತ ಮತ್ತೆ ಶುರುವಾಯ್ತು, ಗಡ್ಡೆ ಗಡ್ಡೆಯಾಗಿ. "ಅತ್ತೆ, ಆಸ್ಪತ್ರೆಗೆ ಹೋಗಾನ" ಅಂದೆ.

"ಕೆಟ್ಟ ರಕ್ತ ಕಣಮ್ಮ, ಓಗ್ಲಿ ಬುಡು. ಒಳಗೇ ಉಳುದ್ರೆ ನಂಜಾಯ್ತದೆ" ಅಂದು ಇನ್ನೊಂದು ಹಂಡೆ ನೀರು ಕಾಯಿಸಿದ್ಳು. ನನ್ನ ಗಂಡ ರಾಜೇಂದ್ರ ಅವ್ವನ ಮಾತಿಗೆ ತಲೆಯಾಡಿಸ್ಕೊಂಡು ಗದ್ದೆಗೆ ಹೋದ. ಮಾರನೇ ದಿನ ಬಚ್ಚಲಲ್ಲೇ ಬಿದ್ದೆ. ಬಚ್ಚಲೆಲ್ಲ ರಕ್ತ.

ಮಂಡ್ಯದಲ್ಲಿ ರಕ್ತ ಏರಿಸಿದ್ರು, ಸ್ಕ್ಯಾನ್ ಮಾಡಿದ್ರು. ಗರ್ಭಕೋಶಕ್ಕೆ ಹೊಲಿಗೆ ಹಾಕಿದ ಜಾಗದ ಹತ್ರ ರಕ್ತನಾಳ ಹರಿದು, ಗುಳ್ಳೆ ಹಂಗೆ ಊದಿ ಒಡೆದೈತೆ, ತೀರಾ ಅಪರೂಪ ಇದು ಅಂದ್ರು ಡಾಕ್ಟ್ರಮ್ಮ. ಮೈಸೂರಿಗೆ ಕಳಿಸ್ತೀವಿ, ಅಲ್ಲೂ ನಿಲ್ಲದಿದ್ರೆ ಗರ್ಭಕೋಶ ತೆಗೀಬೇಕಾಯ್ತದೆ ಅಂದ್ರು.

ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಸತ್ತಿರಲಿಲ್ಲವಲ್ಲ, ಕಿವಿ ಕೇಳ್ತಿತ್ತು.

"ಗರ್ಭಕೋಸ ತಗುದ್ಮೇಲೆ ಗಂಡು ಎಲ್ಲಿಂದ ಬಂದದು? ಬಂಡೂರಲ್ಲಿ ಒಂದ್ ಹೆಣ್ಣೈತೆ, ನೋಡ್ಕಂಡ್ ಬರಾನ ಕಣ್ಲಾ" ಅಂತ ಅತ್ತೆ ಮಗನಿಗೆ ಹೇಳ್ತಿದ್ಳು. ಮಗರಾಯ ಹೂಂಗುಟ್ಟಿದ. ಥೂ, ಇವನ ಗಂಡಸ್ತನಕ್ಕಿಷ್ಟು!

ಮೈಸೂರಲ್ಲಿ ತೊಡೆ ಹತ್ರ ಸಣ್ಣ ನಳಿಗೆ ತೂರಿಸಿ ಆ ರಕ್ತನಾಳ ಮುಚ್ಚಿದ್ರು. ರಕ್ತ ನಿಂತ್ಕೊಂತು, ಗರ್ಭಕೋಶ ಉಳೀತು. ಮನೆಗೆ ಬಂದ್ಮೇಲೆ ರಾಜೇಂದ್ರ ಕಾಲು ಹಿಡ್ಕೊಂಡು ಅತ್ತ. ಚೆನ್ನಾಗಿ ಅಳಲಿ ಅಂತ ಬಿಟ್ಟೆ. "ತಪ್ಪಾಯ್ತು, ನೀನು ಏನ್ ಹೇಳುದ್ರೂ ಮಾಡ್ತೀನಿ" ಅಂದ. ಹೇಳಿದೆ. ಮಳವಳ್ಳಿಗೆ ಹೋಗಿ ಮಾಡಿಸ್ಕೊಂಡು ಬಂದ, ಅವ್ವನಿಗೆ ತಿಳಿಸಲಿಲ್ಲ.

ಈಗ ಮಗಳು ಓಡಾಡ್ತಾಳೆ. ಅತ್ತೆಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ಊಟಕ್ಕೆ ಕೂತ್ರೆ ತುಪ್ಪ, ಮೊಮ್ಮಗ ಹುಟ್ಟಲಿ ಅಂತ ಮನೆದೇವರಿಗೆ ಹರಕೆ. ನಾನೂ ತುಪ್ಪ ತಿಂದ್ಕೊಂಡು ಸುಮ್ಮನಿದ್ದೆ.

ಹೋದ ವಾರ ಪಕ್ಕದ ಮನೆ ಸೌಮ್ಯನ ಗಂಡುಮಗುವಿಗೆ ತೊಟ್ಟಿಲು ಶಾಸ್ತ್ರ. ಬೀದಿ ಹೆಂಗಸರೆಲ್ಲ ಕೂತಿದ್ರು. ಅತ್ತೆ ಅಲ್ಲೇ ಶುರು ಹಚ್ಕೊಂಡ್ಳು: "ಗರ್ಭಕೋಸ ಸಂದಾಗೈತೆ ಅಂತ ಡಾಕ್ಟ್ರೇ ಅಂದವ್ರೆ. ಇನ್ಯಾಕಮ್ಮ ಮೋಹಿನಿ ತಡ?"

ಇದಕ್ಕೇ ಕಾಯ್ತಿದ್ದೆ. "ನಂದೇನೋ ಚೆನ್ನಾಗೈತೆ ಅತ್ತೆ" ಅಂದೆ, ಎಲ್ಲರಿಗೂ ಕೇಳೋ ಹಂಗೆ. "ಆದ್ರೆ ನಿಮ್ಮ ಮಗನಿಗೆ ಮಕ್ಕಳಾಗದಂಗೆ ಆಪರೇಷನ್ ಆಗೈತೆ. ನಾನು ಆಸ್ಪತ್ರೆಯಿಂದ ಬಂದ ವರ್ಷವೇ ಮಾಡಿಸ್ದೆ. ಇನ್ನು ಬಂಡೂರಲ್ಲಾದ್ರೂ ನೋಡಿ, ಮದ್ದೂರಲ್ಲಾದ್ರೂ ನೋಡಿ, ಎಷ್ಟು ಹೆಣ್ಣು ಬೇಕಾದ್ರೂ ಕರ್ಕೊಂಡ್ ಬನ್ನಿ."

ಅತ್ತೆ "ಲೋ ರಾಜೇಂದ್ರ" ಅಂತ ಕೂಗ್ತಾ ಮನೆ ಕಡೆ ಓಡಿದ್ಳು. ನಾನು ಮಗಳನ್ನ ಎತ್ಕೊಂಡು ಊಟಕ್ಕೆ ಹೋದೆ.